ಗಾಜಿನ ಮೇಲೆ ಓಡಿದ ಸ್ನಾಯು

ಬಾವಿಯಿಂದ ನೀರು ಸೇದುವವರ ಕೈಗಳನ್ನು ಗಮನಿಸಿ. ಕೈ ಹಗ್ಗವನ್ನು ಹಿಡಿಯುತ್ತದೆ, ಕೆಳಕ್ಕೆ ಎಳೆಯುತ್ತದೆ, ಬಿಡುತ್ತದೆ, ಮೇಲಕ್ಕೆ ಹೋಗಿ ಮತ್ತೆ ಹಿಡಿಯುತ್ತದೆ. ನಿಂತವರು ನಿಂತಲ್ಲೇ ಇರುತ್ತಾರೆ, ಹಗ್ಗ ಮಾತ್ರ ಸಾಗುತ್ತದೆ. ನಮ್ಮ ಸ್ನಾಯು ಕೆಲಸ ಮಾಡುವುದೂ ಹೀಗೆಯೇ. ಹಗ್ಗದ ಜಾಗದಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆ, ಕೈಯ ಜಾಗದಲ್ಲಿ ಮಯೋಸಿನ್ ಎಂಬ ಪ್ರೋಟೀನಿನ ತಲೆ. ಒಂದು ಸಲ ಹಿಡಿದು ಎಳೆದು ಬಿಡುವುದಕ್ಕೆ ಜೀವಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು. ಎಟಿಪಿ ಬಂದು ಕೂತಾಗಲೇ ಮಯೋಸಿನ್ ಹಿಡಿತ ಸಡಿಲಿಸುತ್ತದೆ. ಎಟಿಪಿ ಮುಗಿದುಹೋದರೆ ಹಿಡಿದದ್ದನ್ನು ಬಿಡಲಾರದು. ಸತ್ತ ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುವುದು ಇದರಿಂದಲೇ.

ಇಷ್ಟನ್ನು ಇಂದು ನಿಶ್ಚಿಂತೆಯಿಂದ ಬರೆಯಬಹುದು. 1980ರ ಹೊತ್ತಿಗೆ ಹೀಗೆ ಬರೆಯುವ ಧೈರ್ಯ ಅಷ್ಟಾಗಿ ಇರಲಿಲ್ಲ. ಸ್ನಾಯು ಕುಗ್ಗುವಾಗ ಅದರೊಳಗಿನ ಎಳೆಗಳು ಗಿಡ್ಡವಾಗುವುದಿಲ್ಲ, ಒಂದರ ಪಕ್ಕದಲ್ಲಿ ಇನ್ನೊಂದು ಜಾರುತ್ತದೆ ಎಂದು 1954ರಲ್ಲಿ ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಒಂದು ಕಡೆ, ಆಂಡ್ರ್ಯೂ ಹಕ್ಸ್ಲಿ ಮತ್ತು ರಾಲ್ಫ್ ನೀಡರ್ಗೆರ್ಕೆ ಇನ್ನೊಂದು ಕಡೆ ತೋರಿಸಿದ್ದರು. ಮಯೋಸಿನ್ ತಲೆ ವಾಲುವುದರಿಂದ ಎಳೆ ಜಾರುತ್ತದೆ ಎಂಬ ಊಹೆಯೂ 1969ರಿಂದ ಇತ್ತು. ಆದರೆ ಈ ಎರಡು ಪ್ರೋಟೀನುಗಳನ್ನಷ್ಟೇ ಶುದ್ಧವಾಗಿ ತೆಗೆದು, ಸ್ನಾಯುವಿನ ಹೊರಗೆ, ಕಣ್ಣೆದುರು ಚಲನೆ ತೋರಿಸಿ ಎಂದರೆ ತೋರಿಸಲು ಯಾರ ಕೈಯಲ್ಲೂ ಏನೂ ಇರಲಿಲ್ಲ. ಪರೀಕ್ಷಾ ನಳಿಕೆಯಲ್ಲಿ ಎಟಿಪಿ ಎಷ್ಟು ಬೇಗ ಒಡೆಯುತ್ತದೆ ಎಂದು ಅಳೆಯಬಹುದಿತ್ತು. ಅದು ಎಣ್ಣೆ ಎಷ್ಟು ಉರಿಯಿತು ಎಂಬ ಲೆಕ್ಕ, ಗಾಡಿ ಎಷ್ಟು ಓಡಿತು ಎಂಬ ಲೆಕ್ಕವಲ್ಲ.

ಈ ಕೊರತೆಯನ್ನು ತುಂಬಲು ಹಟ ಹಿಡಿದು ಕೂತವರು ಅಮೆರಿಕದ ಜೇಮ್ಸ್ ಸ್ಪುಡಿಚ್. ಅವರ ಐದು ದಶಕಗಳ ಸಂಶೋಧನೆಯನ್ನು ಒಂದೇ ಎಳೆಯಲ್ಲಿ ಓದಬಹುದು: ಮೊದಲು ಅಳೆಯುವ ದಾರಿ ಕಟ್ಟು, ಆಮೇಲೆ ಪ್ರಶ್ನೆ ಕೇಳು. ಸ್ಟ್ಯಾನ್‌ಫರ್ಡ್‌ನಲ್ಲಿ ಆರ್ಥರ್ ಕಾರ್ನ್‌ಬರ್ಗ್ ಅವರ ಬಳಿ 1968ರಲ್ಲಿ ಪಿಎಚ್‌ಡಿ. ಜೀವಕೋಶವನ್ನು ಒಡೆದು, ಭಾಗಗಳನ್ನು ಶುದ್ಧಗೊಳಿಸಿ, ಮತ್ತೆ ಸೇರಿಸಿದಾಗ ಅದೇ ಕೆಲಸ ನಡೆದರೆ ಮಾತ್ರ ಅರ್ಥವಾಯಿತು ಎನ್ನಬೇಕು, ಇದು ಕಾರ್ನ್‌ಬರ್ಗ್ ಅವರ ಪಾಠ. ಅಲ್ಲಿಂದ ಕೇಂಬ್ರಿಡ್ಜ್‌ನಲ್ಲಿ ಹ್ಯೂ ಹಕ್ಸ್ಲಿ ಅವರ ಬಳಿ ಸ್ನಾಯುವಿನ ರಚನೆಯ ಅಭ್ಯಾಸ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ, 1977ರಲ್ಲಿ ಮತ್ತೆ ಸ್ಟ್ಯಾನ್‌ಫರ್ಡ್.

ಶುದ್ಧ ಹಗ್ಗ ಮಾಡುವ ಬಗೆ

1971ರಲ್ಲಿ ಸ್ಪುಡಿಚ್ ಮತ್ತು ಸೂಸನ್ ವಾಟ್ ಪ್ರಕಟಿಸಿದ ಪ್ರಬಂಧದ ವಿಷಯ ಮೊಲದ ಸ್ನಾಯುವಿನ ನಿಯಂತ್ರಣ. ಜನ ಅದನ್ನು ಇಂದಿಗೂ ತೆಗೆದು ನೋಡುವುದು ಮಾತ್ರ ಆಕ್ಟಿನ್ ಶುದ್ಧೀಕರಣದ ವಿಧಾನಕ್ಕಾಗಿ. ವಿಧಾನದ ಜಾಣ್ಮೆ ಆಕ್ಟಿನ್‌ನ ಒಂದು ಗುಣವನ್ನು ಬಳಸಿಕೊಂಡಿದ್ದರಲ್ಲಿದೆ: ಉಪ್ಪು ಕಡಿಮೆ ಇದ್ದರೆ ಅದು ಬಿಡಿ ಮಣಿ, ಉಪ್ಪು ಸೇರಿಸಿದರೆ ಪೋಣಿಸಿದ ಸರ.

ಸ್ನಾಯುವನ್ನು ಕೊಚ್ಚಿ, ಉಪ್ಪುನೀರಿನಲ್ಲಿ ಮಯೋಸಿನ್ ತೆಗೆದು, ಉಳಿದದ್ದನ್ನು ತೊಳೆದು ಅಸಿಟೋನ್‌ನಲ್ಲಿ ನೀರಿನಂಶ ಹೀರಿಸಿ ಒಣಗಿಸಿದರೆ ಬಿಳಿ ಪುಡಿ ಸಿಗುತ್ತದೆ. ಫ್ರೀಜರಿನಲ್ಲಿ ಇದು ತಿಂಗಳುಗಟ್ಟಲೆ ಕೆಡದೆ ಇರುತ್ತದೆ. 1 ಗ್ರಾಂ ಪುಡಿಗೆ 20 ಮಿಲಿಲೀಟರ್ ಬಫರ್, ಅಂದರೆ ಆಮ್ಲೀಯತೆ ಬದಲಾಗದಂತೆ ಹಿಡಿದಿಡುವ ದ್ರವ: 2 ಮಿಲಿಮೋಲಾರ್ (ಇದು ಸಾಂದ್ರತೆಯ ಅಳತೆ) ಟ್ರಿಸ್, ಪಿಎಚ್ 8, ಜೊತೆಗೆ 0.2 ಮಿಲಿಮೋಲಾರ್ ಎಟಿಪಿ, 0.2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, 0.5 ಮಿಲಿಮೋಲಾರ್ ಮರ್ಕ್ಯಾಪ್ಟೋಎಥನಾಲ್. ಮಂಜುಗಡ್ಡೆಯ ಮೇಲೆ 0 ಡಿಗ್ರಿಯಲ್ಲಿ ಅರ್ಧ ಗಂಟೆ ಕಲಕಬೇಕು. ಬೆಚ್ಚಗಾಗಲು ಬಿಟ್ಟರೆ ಆಕ್ಟಿನ್ ಜೊತೆಗೆ ಟ್ರೋಪೋಮಯೋಸಿನ್ ಎಂಬ ನಿಯಂತ್ರಕ ಪ್ರೋಟೀನೂ ಹೆಚ್ಚಾಗಿ ಇಳಿದುಬಂದು ಮುಂದಿನ ಪ್ರಯೋಗವನ್ನೆಲ್ಲ ಕೆಡಿಸುತ್ತದೆ. ತಿಳಿಯಾದ ದ್ರವಕ್ಕೆ 50 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 2 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಮತ್ತು 1 ಮಿಲಿಮೋಲಾರ್ ಎಟಿಪಿ ಹಾಕಿ 2 ಗಂಟೆ ಬಿಟ್ಟರೆ ಎಳೆಗಳು ಕಟ್ಟಿಕೊಂಡು ದ್ರವ ಲೋಳೆಯಂತಾಗುತ್ತದೆ. ಈಗ ಪೊಟ್ಯಾಸಿಯಂ ಕ್ಲೋರೈಡನ್ನು 0.6 ಮೋಲಾರ್‌ಗೆ ಏರಿಸಬೇಕು. ಇದೇ ಮುಖ್ಯ ಹೆಜ್ಜೆ. ಅಷ್ಟು ಉಪ್ಪಿನಲ್ಲಿ ಆಕ್ಟಿನ್ ಎಳೆ ಹಾಗೇ ಉಳಿಯುತ್ತದೆ, ಅದಕ್ಕೆ ಅಂಟಿದ ಟ್ರೋಪೋಮಯೋಸಿನ್ ಕಳಚಿಕೊಳ್ಳುತ್ತದೆ. ಭೂಮಿಯ ಸೆಳೆತದ 80,000 ಪಟ್ಟು ಬಲ ಬೀಳುವಂತೆ 3 ಗಂಟೆ ತಿರುಗಿಸಿದರೆ ಎಳೆಗಳು ತಳಕ್ಕೆ ಕೂರುತ್ತವೆ, ಕಳಚಿದ್ದು ಮೇಲಿನ ನೀರಿನ ಜೊತೆ ಹೋಗುತ್ತದೆ. ತಳದ ಉಂಡೆಯನ್ನು ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಚೀಲದಲ್ಲಿ ಹಾಕಿ ಮೊದಲಿನ ಬಫರಿನಲ್ಲೇ ಮೂರು ದಿನ ಡಯಾಲಿಸಿಸ್‌ಗೆ ಇಟ್ಟರೆ ಮತ್ತೆ ಬಿಡಿ ಮಣಿ. ಈ ಮೂರು ದಿನದಲ್ಲಿ ಬಫರಿನಲ್ಲಿ ಎಟಿಪಿಯೋ ಕ್ಯಾಲ್ಸಿಯಮ್ಮೋ ಇಲ್ಲದೆ ಹೋದರೆ ಬಿಡಿ ಆಕ್ಟಿನ್ ತನ್ನ ಆಕಾರ ಕಳೆದುಕೊಂಡು ಮತ್ತೆಂದೂ ಎಳೆ ಕಟ್ಟದು.

ಪಾಚಿಯ ಕೋಶ ಕೊಟ್ಟ ದಾರಿ

ಹಗ್ಗ ಸಿಕ್ಕಿತು, ಕೈಯೂ ಸಿಕ್ಕಿತು. ಇವೆರಡನ್ನು ನಳಿಕೆಯಲ್ಲಿ ಬೆರೆಸಿದರೆ ಬರುವುದು ಗೋಜಲು. ಎಳೆಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ, ಒಂದು ಮಯೋಸಿನ್ ಇತ್ತ ಎಳೆದರೆ ಇನ್ನೊಂದು ಅತ್ತ. ಆಕ್ಟಿನ್ ಎಳೆಗೆ ದಿಕ್ಕಿದೆ, ಎರಡು ತುದಿಗಳು ಒಂದೇ ಥರ ಅಲ್ಲ. ಆದ್ದರಿಂದ ಎಲ್ಲ ಎಳೆಗಳೂ ಒಂದೇ ಕಡೆ ಮುಖ ಮಾಡಿ ಮಲಗಿರುವ ಜಾಗ ಬೇಕಿತ್ತು. ಅದು ಸಿಕ್ಕಿದ್ದು ನೀರಿನಲ್ಲಿ ಬೆಳೆಯುವ ನೈಟೆಲ್ಲಾ ಎಂಬ ಹಸಿರು ಪಾಚಿಯಲ್ಲಿ. ಇದರ ಒಂದೊಂದು ಕೋಶವೂ ಬರಿಗಣ್ಣಿಗೆ ಕಾಣುವಷ್ಟು ಉದ್ದ, ಒಳಗೋಡೆಯುದ್ದಕ್ಕೂ ಆಕ್ಟಿನ್ ಎಳೆಗಳ ಕಟ್ಟುಗಳು ಹಳಿಗಳಂತೆ ಸಾಲಾಗಿ ಮಲಗಿರುತ್ತವೆ. ಕೋಶವನ್ನು ಉದ್ದಕ್ಕೆ ಸೀಳಿ, ಮಗುಚಿ, ಸೂಜಿಯಿಂದ ಹರಡಿ ಹಿಡಿದರೆ ಹಳಿ ಸಿದ್ಧ.

1983ರಲ್ಲಿ ಮೈಕೆಲ್ ಶೀಟ್ಸ್ ಮತ್ತು ಸ್ಪುಡಿಚ್ ಒಂದು ಮೈಕ್ರೋಮೀಟರಿಗಿಂತ ಚಿಕ್ಕ ಮಣಿಗಳಿಗೆ ಮಯೋಸಿನ್ ಲೇಪಿಸಿ ಈ ಹಳಿಗಳ ಮೇಲೆ ಬಿಟ್ಟರು. ಎಟಿಪಿ ಹಾಕಿದಾಗ ಮಣಿಗಳು ಒಂದೇ ದಿಕ್ಕಿನಲ್ಲಿ ಓಡಿದವು, ಎಟಿಪಿ ಇಲ್ಲದಿದ್ದಾಗ ನಿಂತವು. ಮೊಲದ ಸ್ನಾಯುವಿನ ಮಯೋಸಿನ್ ಪಾಚಿಯ ಹಳಿಯ ಮೇಲೆ ಓಡಿತು ಎಂಬುದನ್ನು ನಿಂತು ಯೋಚಿಸಬೇಕು. ಪ್ರಾಣಿ ಮತ್ತು ಪಾಚಿಯ ವಂಶಗಳು ಬೇರೆಯಾಗಿ ನೂರು ಕೋಟಿ ವರ್ಷಕ್ಕೂ ಹೆಚ್ಚಾಗಿದ್ದರೂ ಹಗ್ಗ ಬದಲಾಗಿಲ್ಲ, ಕೈಗೆ ಅದು ಗುರುತು ಸಿಗುತ್ತದೆ.

ಈ ಪ್ರಯೋಗಕ್ಕೆ ಇನ್ನೊಂದು ಕವಲು ಇದೆ. ಆಗ ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದ ರಾನ್ ವೇಲ್, ಶೀಟ್ಸ್ ಜೊತೆ ಸೇರಿ, ನರಕೋಶದೊಳಗೆ ಸರಕು ಸಾಗಿಸುವುದೂ ಮಯೋಸಿನ್ನೇ ಇರಬಹುದೇ ಎಂದು ಕಣವೆ ಮೀನಿನ ದಪ್ಪ ನರದಲ್ಲಿ ನೋಡಿದರು. ಮಯೋಸಿನ್ ಅಲ್ಲ ಎಂದು ತಿಳಿಯಿತು. ಅಲ್ಲಿ ಹಳಿ ಮೈಕ್ರೋಟ್ಯೂಬ್ಯೂಲ್ ಎಂಬ ಪ್ರೋಟೀನಿನ ಕೊಳವೆ, ಎಂಜಿನ್ ಹೊಸದು. 1985ರಲ್ಲಿ ಅದಕ್ಕೆ ಕೈನೆಸಿನ್ ಎಂದು ಹೆಸರಿಟ್ಟರು. ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ 2012ರಲ್ಲಿ ಸ್ಪುಡಿಚ್, ಶೀಟ್ಸ್, ವೇಲ್ ಮೂವರಿಗೂ ಸೇರಿ ಬಂದದ್ದು ಈ ಕಾರಣಕ್ಕೆ.

ಗಾಜಿನ ಚೂರಿನ ಮೇಲೆ

ಪಾಚಿಯಲ್ಲಿ ಒಂದು ಅನುಮಾನ ಉಳಿಯುತ್ತದೆ: ಕೋಶದೊಳಗಿನ ಬೇರೆ ಯಾವುದೋ ಪ್ರೋಟೀನು ಸಹಾಯ ಮಾಡುತ್ತಿದ್ದರೆ? ಸ್ಟೀಫನ್ ಕ್ರಾನ್ ಮತ್ತು ಸ್ಪುಡಿಚ್ 1986ರಲ್ಲಿ ಜೋಡಣೆಯನ್ನೇ ತಿರುಗಿಸಿದರು. ಗಾಜಿನ ಮೇಲೆ ಮಯೋಸಿನ್ ಅಂಟಿಸಿ, ಹೊಳೆಯುವ ಬಣ್ಣ ಕಟ್ಟಿದ ಆಕ್ಟಿನ್ ಎಳೆಯನ್ನು ಮೇಲೆ ಬಿಟ್ಟರು. ಆಕ್ಟಿನ್ ಎಳೆಯ ದಪ್ಪ ಸುಮಾರು 7 ನ್ಯಾನೋಮೀಟರ್, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಕಾಣುವುದಿಲ್ಲ. ಆದರೆ ರೋಡಮಿನ್ ಬಣ್ಣ ಕಟ್ಟಿದ ಫ್ಯಾಲಾಯ್ಡಿನ್ ಎಂಬ ಅಣಬೆಯ ವಿಷ ಎಳೆಗೆ ಗಟ್ಟಿಯಾಗಿ ಅಂಟಿ ಕತ್ತಲಲ್ಲಿ ಹೊಳೆಯುತ್ತದೆ. ಒಂಟಿ ಎಳೆಯನ್ನು ಹೀಗೆ ನೋಡಬಹುದು ಎಂದು ಜಪಾನಿನ ತೋಶಿಯೋ ಯಾನಗಿದ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದ್ದರು.

ಇಂದು ಪ್ರಪಂಚದ ಎಷ್ಟೋ ಪ್ರಯೋಗಾಲಯಗಳಲ್ಲಿ ನಡೆಯುವ ಈ ಪರೀಕ್ಷೆಯ ರೂಪ ಸರಳ. ಸ್ಲೈಡಿನ ಮೇಲೆ ಎರಡು ಸಾಲು ಅಂಟುಪಟ್ಟಿ, ಮೇಲೆ ನೈಟ್ರೋಸೆಲ್ಯುಲೋಸ್ ಹಚ್ಚಿದ ತೆಳು ಕವರ್‌ಸ್ಲಿಪ್. ನಡುವಿನ ಸಂದಿಯಲ್ಲಿ 10–20 ಮೈಕ್ರೋಲೀಟರ್ ಹಿಡಿಯುತ್ತದೆ. ಒಂದು ಬದಿಯಿಂದ ಪಿಪೆಟ್‌ನಲ್ಲಿ ಹಾಕಿ ಇನ್ನೊಂದು ಬದಿಯಿಂದ ಹೀರುಕಾಗದದಲ್ಲಿ ಎಳೆಯುತ್ತಾರೆ. ಮೊದಲು ಮಯೋಸಿನ್‌ನ ತಲೆಯುಳ್ಳ ತುಂಡು, ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಆಸುಪಾಸು. ನಿಮಿಷದ ನಂತರ ಹಸುವಿನ ರಕ್ತದಿಂದ ತೆಗೆದ ಬಿಎಸ್‌ಎ ಎಂಬ ಪ್ರೋಟೀನು, ಖಾಲಿ ಉಳಿದ ಗಾಜಿಗೆ ಆಕ್ಟಿನ್ ಅಂಟದಿರಲಿ ಎಂದು. ಆಮೇಲೆ ಹೊಳೆಯುವ ಎಳೆಗಳು, ಕೊನೆಗೆ 1–2 ಮಿಲಿಮೋಲಾರ್ ಎಟಿಪಿ ಇರುವ ದ್ರವ. ಎಟಿಪಿ ಒಳಹೋದ ಕ್ಷಣ, ಅಲ್ಲಿಯವರೆಗೆ ಅಂಟಿ ಬಿದ್ದಿದ್ದ ಕೆಂಪು ಗೆರೆಗಳು ಎರೆಹುಳುಗಳಂತೆ ಹರಿದಾಡತೊಡಗುತ್ತವೆ. ಮೊಲದ ಕಾಲಿನ ಮಯೋಸಿನ್ ಆದರೆ ಸೆಕೆಂಡಿಗೆ 5 ಮೈಕ್ರೋಮೀಟರ್ ಆಸುಪಾಸಿನ ವೇಗ.

ಕೆಡುವ ಬಗೆಗಳು ಹಲವು. ಎಲ್ಲಕ್ಕಿಂತ ಹೆಚ್ಚು ಕಾಡುವುದು 'ಸತ್ತ ತಲೆ': ಶುದ್ಧೀಕರಣದ ಹೊತ್ತಿನಲ್ಲಿ ಹಾಳಾಗಿ, ಹಗ್ಗ ಹಿಡಿಯಲು ಬಲ್ಲ ಆದರೆ ಬಿಡಲು ಬಾರದ ಮಯೋಸಿನ್. ನೂರು ಜನ ಎಳೆಯುವ ಹಗ್ಗವನ್ನು ಇಬ್ಬರು ಮುಷ್ಟಿ ಬಿಡದೆ ಹಿಡಿದು ನಿಂತರೆ ಆಗುವುದೇ ಇಲ್ಲೂ ಆಗುತ್ತದೆ. ಎಳೆ ಕೊಕ್ಕೆ ಹಾಕಿದಂತೆ ಒಂದೆಡೆ ನಿಂತು, ಬಾಗಿ, ತುಂಡಾಗುತ್ತದೆ. ಪರಿಹಾರ ಚೆನ್ನಾಗಿದೆ. ಮಯೋಸಿನ್‌ಗೆ ಆಕ್ಟಿನ್ ಮತ್ತು ಎಟಿಪಿ ಸೇರಿಸಿ ಅತಿವೇಗದಲ್ಲಿ ತಿರುಗಿಸಿದರೆ ಸತ್ತವು ಆಕ್ಟಿನ್ ಜೊತೆ ತಳಕ್ಕೆ ಹೋಗುತ್ತವೆ, ಬದುಕಿರುವವು ಮೇಲೆ ಉಳಿಯುತ್ತವೆ. ಇಷ್ಟಾದರೂ ಉಳಿದವಕ್ಕೆ, ಬಣ್ಣವಿಲ್ಲದ ಚೂರು ಆಕ್ಟಿನ್ ಮೊದಲೇ ಕೊಟ್ಟು ಬಾಯಿ ಮುಚ್ಚಿಸಬೇಕು.

ಎರಡನೆಯದು ಬೆಳಕು. ಹೊಳೆಯುವ ಬಣ್ಣ ಆಮ್ಲಜನಕದೊಂದಿಗೆ ಸೇರಿ ಹುಟ್ಟಿಸುವ ಉಗ್ರ ಕಣಗಳು ಬಣ್ಣವನ್ನು ಮಾಸಿಸುತ್ತವೆ, ಎಳೆಯನ್ನೂ ಕತ್ತರಿಸುತ್ತವೆ. ಅದಕ್ಕೇ ದ್ರವದಲ್ಲಿ ಗ್ಲೂಕೋಸ್, ಗ್ಲೂಕೋಸ್ ಆಕ್ಸಿಡೇಸ್ ಮತ್ತು ಕ್ಯಾಟಲೇಸ್ ಇರುತ್ತವೆ. ಒಂದು ಆಮ್ಲಜನಕವನ್ನು ತಿನ್ನುತ್ತದೆ, ಇನ್ನೊಂದು ಅದರಿಂದ ಬಂದ ಪೆರಾಕ್ಸೈಡನ್ನು ಒಡೆಯುತ್ತದೆ. ಗಾಳಿಗುಳ್ಳೆ ಒಳಹೊಕ್ಕರೆ ಇದೆಲ್ಲ ವ್ಯರ್ಥ. ಉಪ್ಪು ಜಾಸ್ತಿಯಾದರೆ ತಲೆಗಳ ಹಿಡಿತ ದುರ್ಬಲವಾಗಿ ಎಳೆಗಳು ತೇಲಿಹೋಗುತ್ತವೆ. ಹಾಗಾಗಿ ಸಾಮಾನ್ಯವಾಗಿ 25 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಸಾಕು, ಅದಕ್ಕಿಂತ ಹೆಚ್ಚು ಬೇಕಾದರೆ ದ್ರವವನ್ನು ಮಂದಗೊಳಿಸುವ ಮೀಥೈಲ್ ಸೆಲ್ಯುಲೋಸ್ ಬೆರೆಸಬೇಕು. ಉಷ್ಣತೆ ಕೆಲವೇ ಡಿಗ್ರಿ ಏರಿದರೂ ವೇಗ ಎದ್ದು ಕಾಣುವಷ್ಟು ಏರುತ್ತದೆ. ಬೇರೆ ಬೇರೆ ದಿನ ತೆಗೆದ ಅಂಕಿಗಳನ್ನು ಹೋಲಿಸುವವರು ಸ್ಲೈಡಿನ ಉಷ್ಣತೆಯನ್ನು ಬಿಗಿಯಾಗಿ ಹಿಡಿದಿಟ್ಟಿರಲೇಬೇಕು. ಹೊಸಬರು ಮೋಸಹೋಗುವ ಇನ್ನೊಂದು ಜಾಗವಿದೆ: ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ಅಡ್ಡಡ್ಡ ಸರಿಯುತ್ತಿದ್ದರೆ ಅದು ಚಲನೆಯಲ್ಲ, ಸಂದಿಯೊಳಗೆ ನೀರು ಹರಿಯುತ್ತಿದೆ ಅಷ್ಟೆ. ನಿಜವಾಗಿ ಓಡುವ ಎಳೆ ತನ್ನ ಉದ್ದಕ್ಕೇ ಸಾಗುತ್ತದೆ, ಮುಂದಿನ ತುದಿ ಹೋದ ದಾರಿಯಲ್ಲೇ ಹಿಂದಿನ ತುದಿಯೂ ಹೋಗುತ್ತದೆ, ಪಕ್ಕದ ಎಳೆ ಬೇರೊಂದು ದಿಕ್ಕಿಗೆ ಹೊರಟಿರುತ್ತದೆ.

ಈ ಪರೀಕ್ಷೆ ಬಂದ ಮರುವರ್ಷವೇ, 1987ರಲ್ಲಿ, ಯೋಕೋ ತೊಯೋಶಿಮಾ ಮತ್ತು ಸಂಗಡಿಗರು ಇದೇ ಪ್ರಯೋಗಾಲಯದಲ್ಲಿ ಮಯೋಸಿನ್‌ನ ಬಾಲವನ್ನೆಲ್ಲ ಕತ್ತರಿಸಿ ಬರೀ ತಲೆಯನ್ನು ಗಾಜಿಗೆ ಅಂಟಿಸಿದರು. ಎಳೆ ಓಡಿತು. ಎಂಜಿನ್ ಇರುವುದು ತಲೆಯಲ್ಲೇ ಎಂಬ ವಾದ ಅಲ್ಲಿಗೆ ತೀರ್ಮಾನವಾಯಿತು.

ಮೂರು ಅಂಕಿಗಳು

ನನ್ನ ದೃಷ್ಟಿಯಲ್ಲಿ ಈ ಪರೀಕ್ಷೆಯ ದೊಡ್ಡ ಕೊಡುಗೆ ಒಂದು ಪುಟ್ಟ ಭಾಗಾಕಾರ. ಎಳೆಯ ವೇಗ ಎಂದರೆ ಒಂದು ಹೆಜ್ಜೆಯ ಉದ್ದವನ್ನು ತಲೆ ಹಗ್ಗ ಹಿಡಿದಿರುವ ಸಮಯದಿಂದ ಭಾಗಿಸಿದಷ್ಟು. ಸುಲಭ ಲೆಕ್ಕಕ್ಕೆ ಹೆಜ್ಜೆ 10 ನ್ಯಾನೋಮೀಟರ್, ವೇಗ ಸೆಕೆಂಡಿಗೆ 5 ಮೈಕ್ರೋಮೀಟರ್ ಎಂದುಕೊಂಡರೆ ಹಿಡಿದಿರುವ ಸಮಯ 2 ಮಿಲಿಸೆಕೆಂಡ್. ಒಂದು ತಲೆ ಸೆಕೆಂಡಿಗೆ ಸುಮಾರು 20 ಎಟಿಪಿ ಒಡೆಯುತ್ತದೆ, ಅಂದರೆ ಒಂದು ಸುತ್ತಿಗೆ 50 ಮಿಲಿಸೆಕೆಂಡ್. ಆ 50ರಲ್ಲಿ ಹಿಡಿದಿರುವುದು 2, ನೂರಕ್ಕೆ 4 ಪಾಲು ಸಮಯ ಮಾತ್ರ. ಉಳಿದ ಹೊತ್ತೆಲ್ಲ ಕೈ ಗಾಳಿಯಲ್ಲಿ. ಸ್ನಾಯುವಿನಲ್ಲಿ ಮಯೋಸಿನ್‌ಗಳು ಸೇರಿ ಕಟ್ಟಿದ ಒಂದು ದಪ್ಪ ಎಳೆಯಲ್ಲಿ ಸುಮಾರು 300 ಮಯೋಸಿನ್ ಅಣುಗಳು ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ.

ಹೆಜ್ಜೆಯನ್ನು ನೇರವಾಗಿ ಅಳೆದದ್ದು 1994ರಲ್ಲಿ. ಜೆಫ್ರಿ ಫೈನರ್, ರಾಬರ್ಟ್ ಸಿಮನ್ಸ್ ಮತ್ತು ಸ್ಪುಡಿಚ್ ಆಕ್ಟಿನ್ ಎಳೆಯ ಎರಡು ತುದಿಗೆ ಎರಡು ಮಣಿ ಕಟ್ಟಿ, ಲೇಸರ್ ಬೆಳಕಿನ ಎರಡು ಬಲೆಗಳಲ್ಲಿ ಹಿಡಿದು, ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದರು. ಕೆಳಗೆ ಇನ್ನೊಂದು ಮಣಿಯ ನೆತ್ತಿಯ ಮೇಲೆ ಒಂದೇ ಒಂದು ಮಯೋಸಿನ್ ಸಿಗುವಷ್ಟು ವಿರಳವಾಗಿ ಲೇಪ. ಎಳೆಯನ್ನು ಅದರ ಮೇಲೆ ಇಳಿಸಿದಾಗ ಸಿಕ್ಕಿದ ಅಂಕಿ: ಹೆಜ್ಜೆ ಸರಾಸರಿ 11 ನ್ಯಾನೋಮೀಟರ್, ಬಲ 3–4 ಪಿಕೋನ್ಯೂಟನ್. ಹೆಜ್ಜೆಯ ಅಂಕಿ ಮುಂದೆ ತಿದ್ದುಪಡಿಯಾಯಿತು. ತಿದ್ದುಪಡಿ ಏಕೆಂದು ತಿಳಿದರೆ ಈ ಅಳತೆ ಎಷ್ಟು ಕಷ್ಟದ್ದು ಎಂಬುದೂ ತಿಳಿಯುತ್ತದೆ. ಇಂಥ ಮೆದು ಬಲೆಯಲ್ಲಿ ಮಣಿ ಸುಮ್ಮನೆ ಇರುವುದಿಲ್ಲ, ನೀರಿನ ಅಣುಗಳ ತಾಡನಕ್ಕೆ ಸದಾ ಹತ್ತಾರು ನ್ಯಾನೋಮೀಟರ್ ನಡುಗುತ್ತಿರುತ್ತದೆ. ಅಳೆಯಬೇಕಾದ ಹೆಜ್ಜೆ ಆ ನಡುಕದೊಳಗೇ ಅಡಗಿರುತ್ತದೆ. ಮಯೋಸಿನ್ ಹಿಡಿದ ಕ್ಷಣ ನಡುಕ ಕಡಿಮೆಯಾಗುವುದೇ ಗುರುತು. ನಡುಗುವ ಮಣಿ ಯಾವ ಸ್ಥಾನದಲ್ಲಿದ್ದಾಗ ಬೇಕಾದರೂ ಮಯೋಸಿನ್ ಹಿಡಿಯಬಹುದಾದ್ದರಿಂದ, ಎದ್ದು ಕಂಡ ದೊಡ್ಡ ಜಿಗಿತಗಳನ್ನಷ್ಟೇ ಎಣಿಸದೆ ಎಲ್ಲ ಹಿಡಿತಗಳ ಸರಾಸರಿ ತೆಗೆಯಬೇಕು. ಹಾಗೆ ತೆಗೆದಾಗ ಇತರ ತಂಡಗಳಿಗೆ ಸುಮಾರು 5 ನ್ಯಾನೋಮೀಟರ್ ಬಂತು. ಹಿಡಿತವೇ ಕಣ್ಣಿಗೆ ಬೀಳದಷ್ಟು ಚಿಕ್ಕದಾದ್ದರಿಂದ ಎಟಿಪಿಯನ್ನು ಕೆಲವೇ ಮೈಕ್ರೋಮೋಲಾರ್‌ಗೆ ಇಳಿಸುತ್ತಾರೆ. ಬಿಡಿಸುವ ಎಟಿಪಿ ತಡವಾಗಿ ಬರುವುದರಿಂದ ತಲೆ ಹೆಚ್ಚು ಹೊತ್ತು ಹಿಡಿದಿರುತ್ತದೆ.

ಹೆಜ್ಜೆಯ ಉದ್ದ ಬರುವುದು ತಲೆಯ ಹಿಂದಿನ ಕುತ್ತಿಗೆ ಸನ್ನೆಕೋಲಿನಂತೆ ವಾಲುವುದರಿಂದ. ಇದನ್ನು 1996ರಲ್ಲಿ ತಾರೋ ಉಯೆದಾ ಮತ್ತು ಸಂಗಡಿಗರು ಕುತ್ತಿಗೆಯನ್ನು ಗಿಡ್ಡ ಮಾಡಿ, ಉದ್ದ ಮಾಡಿ, ಅದೇ ಗಾಜಿನ ಮೇಲೆ ಓಡಿಸಿ ನೋಡಿದರು. ಕುತ್ತಿಗೆ ಉದ್ದವಾದಂತೆ ವೇಗ ಅದೇ ಪ್ರಮಾಣದಲ್ಲಿ ಏರಿತು. ಪ್ರಕೃತಿಯಲ್ಲೂ ಹೀಗೆಯೇ ಇದೆ. ಕೋಶದೊಳಗೆ ಸರಕು ಹೊರುವ ಮಯೋಸಿನ್-5ಕ್ಕೆ ಉದ್ದ ಕುತ್ತಿಗೆ, 1999ರಲ್ಲಿ ಅಳೆದ ಅದರ ಹೆಜ್ಜೆ ಸುಮಾರು 36 ನ್ಯಾನೋಮೀಟರ್. ಅದು ಒಂಟಿಯಾಗಿ ನಡೆಯಬೇಕಾದ್ದರಿಂದ ಎರಡು ತಲೆಗಳಲ್ಲಿ ಒಂದಾದರೂ ಸದಾ ಹಳಿ ಹಿಡಿದಿರುತ್ತದೆ.

ಕುತ್ತಿಗೆಯ ಉದ್ದ ಬದಲಿಸಲು ಹೀಗೆ ಜೀನ್ ತಿದ್ದಿದ ಮಯೋಸಿನ್‌ಗಳು ಬಂದದ್ದು ಡಿಕ್ಟಿಯೋಸ್ಟೀಲಿಯಂ ಎಂಬ ಮಣ್ಣಿನ ಅಮೀಬಾದಿಂದ. 1970ರ ದಶಕದ ಆರಂಭದಲ್ಲೇ ಸ್ಪುಡಿಚ್ ಇದನ್ನು ಆಯ್ದುಕೊಂಡಿದ್ದರು. 1987ರಲ್ಲಿ ಅರ್ತುರೋ ಡಿ ಲೊಜಾನೆ ಜೊತೆ ಇದರ ಮಯೋಸಿನ್-2 ಜೀನನ್ನು ಮುರಿದಾಗ, ದ್ರವದಲ್ಲಿ ತೇಲುವ ಅಮೀಬಾಗಳು ಇಬ್ಭಾಗವಾಗಲಾರದೆ ಅನೇಕ ಕೋಶಕೇಂದ್ರಗಳ ದೊಡ್ಡ ಮುದ್ದೆಗಳಾದವು. ಕೋಶ ಇಬ್ಭಾಗವಾಗುವಾಗ ಸೊಂಟ ಬಿಗಿಯುವುದೂ ಸ್ನಾಯುವಿನ ಇದೇ ಬಗೆಯ ಎಂಜಿನ್.

ಹೃದಯಕ್ಕೆ ಬಂದಾಗ

ಬಿಪಿಯಂಥ ಹೊರಗಿನ ಕಾರಣವಿಲ್ಲದೆ ಹೃದಯದ ಗೋಡೆ ದಪ್ಪವಾಗುವ ಹೈಪರ್ಟ್ರೋಫಿಕ್ ಕಾರ್ಡಿಯೋಮಯೋಪತಿ ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಇದು ವಂಶದಲ್ಲಿ ಹರಿದುಬರುವ ಕಾಯಿಲೆ. 1990ರಲ್ಲಿ ಮೊದಲು ಸಿಕ್ಕಿದ ಕಾರಣ ಹೃದಯದ ಬೀಟಾ ಮಯೋಸಿನ್‌ನಲ್ಲಿ, 403ನೇ ಅಮೈನೋ ಆಮ್ಲದ ಬದಲಾವಣೆ. ಈ ಹೃದಯಗಳು ಅತಿಯಾಗಿ ಕುಗ್ಗುತ್ತವೆ, ಸರಿಯಾಗಿ ಸಡಿಲವಾಗುವುದಿಲ್ಲ. ಹಾಗಾದರೆ ಬದಲಾದ ಮಯೋಸಿನ್ ಹೆಚ್ಚು ಜೋರಾಗಿ ಎಳೆಯುತ್ತಿರಬೇಕು ಎಂದು ಯಾರಿಗಾದರೂ ತೋಚುತ್ತದೆ.

ಅಳೆಯಲು ಮನುಷ್ಯನದೇ ಮಯೋಸಿನ್ ಬೇಕು. ಬ್ಯಾಕ್ಟೀರಿಯಾದಲ್ಲಿ ಅದು ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಮಡಚಲು ಸ್ನಾಯುಕೋಶದ ಸಹಾಯಕ ಪ್ರೋಟೀನುಗಳೇ ಬೇಕು. ಕೊನೆಗೆ ಇಲಿಯ ಸ್ನಾಯುಕೋಶಗಳೊಳಗೆ ವೈರಸ್ ಮೂಲಕ ಮನುಷ್ಯನ ಜೀನ್ ಕಳಿಸಿ ತಯಾರಿಸಿದರು. ಅಳೆದಾಗ ಊಹೆ ನಿಲ್ಲಲಿಲ್ಲ. ಕೆಲವು ರೂಪಾಂತರಗಳಲ್ಲಿ ಬಲ ಸ್ವಲ್ಪ ಹೆಚ್ಚು, ಕೆಲವದರಲ್ಲಿ ಕಡಿಮೆ, ಹಲವದರಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ.

ಇಲ್ಲಿ ಹಳೆಯ ಲೆಕ್ಕವೇ ದಾರಿ ತೋರಿಸಿತು. ಒಟ್ಟು ಬಲ ಎಂದರೆ ಒಂದು ತಲೆಯ ಬಲ, ಒಂದು ಸುತ್ತಿನಲ್ಲಿ ಅದು ಹಿಡಿದಿರುವ ಸಮಯದ ಪಾಲು, ಮತ್ತು ಕೆಲಸಕ್ಕೆ ಸಿದ್ಧವಿರುವ ತಲೆಗಳ ಸಂಖ್ಯೆ, ಈ ಮೂರರ ಗುಣಲಬ್ಧ. ಮೊದಲ ಎರಡು ಬದಲಾಗದಿದ್ದರೆ ಮೂರನೆಯದನ್ನು ನೋಡಬೇಕು. ಹೃದಯದಲ್ಲಿ ಮಯೋಸಿನ್ ತಲೆಗಳ ಗಣನೀಯ ಪಾಲು ಕೈಕಟ್ಟಿ ಕೂತಿರುತ್ತದೆ: ಎರಡು ತಲೆಗಳು ಒಂದಕ್ಕೊಂದು ಒರಗಿ, ತಮ್ಮದೇ ಬಾಲದ ಮೇಲೆ ಮಡಚಿಕೊಂಡು, ಎಟಿಪಿಯನ್ನೂ ಬಹಳ ನಿಧಾನವಾಗಿ ಖರ್ಚು ಮಾಡುತ್ತ. ತಲೆಯ ಮೇಲೆ ಒಂದು ಚಪ್ಪಟೆ ಮೈ ಇದೆ, ಸ್ಪುಡಿಚ್ ಅದನ್ನು 'ಮೇಸಾ' ಎಂದು ಕರೆದರು. ಕಾಯಿಲೆ ತರುವ ಅನೇಕ ಬದಲಾವಣೆಗಳು ಇಲ್ಲೇ ಗುಂಪುಗೂಡಿವೆ ಎಂದು 2015ರ ಹೊತ್ತಿಗೆ ಅವರು ವಾದ ಮುಂದಿಟ್ಟರು. ಮಡಚುವಾಗ ಒತ್ತಿಕೊಳ್ಳಬೇಕಾದ ಮೈ ಕೆಟ್ಟರೆ ತಲೆ ಮಡಚಿ ಕೂರದು, ಕೆಲಸಕ್ಕೆ ಬಂದ ಕೈಗಳ ಸಂಖ್ಯೆ ಏರುತ್ತದೆ.

ಮವಕಾಮ್ಟೆನ್ ಎಂಬ ಔಷಧ ಈ ಸಂಖ್ಯೆಯನ್ನು ಇಳಿಸುತ್ತದೆ, ತಲೆಗಳನ್ನು ಮಡಚಿದ ಸ್ಥಿತಿಯಲ್ಲಿ ಉಳಿಸುತ್ತದೆ. ಸ್ಪುಡಿಚ್ ಸಹಸ್ಥಾಪಕರಾಗಿದ್ದ ಮಯೋಕಾರ್ಡಿಯಾ ಕಂಪನಿಯಲ್ಲಿ ಬೆಳೆದ ಇದಕ್ಕೆ, ರಕ್ತದ ಹೊರದಾರಿ ಕಟ್ಟಿಕೊಳ್ಳುವ ಬಗೆಯ ಕಾಯಿಲೆಗೆ, ಅಮೆರಿಕದಲ್ಲಿ 2022ರ ಏಪ್ರಿಲ್‌ನಲ್ಲಿ ಅನುಮತಿ ಸಿಕ್ಕಿತು. ಆರಂಭ ದಿನಕ್ಕೆ 5 ಮಿಲಿಗ್ರಾಂ. ಅಪಾಯವೂ ಅದೇ ಲೆಕ್ಕದಿಂದ ಬರುತ್ತದೆ: ತೀರಾ ಹೆಚ್ಚು ಕೈಗಳು ಮಡಚಿಕೊಂಡರೆ ಹೃದಯಕ್ಕೆ ರಕ್ತ ತಳ್ಳುವ ಶಕ್ತಿಯೇ ಸಾಲದು. ಆದ್ದರಿಂದ ನಿಗದಿತ ಅಂತರದಲ್ಲಿ ಎಕೋ (ಹೃದಯದ ಅಲ್ಟ್ರಾಸೌಂಡ್) ಕಡ್ಡಾಯ, ಎಜೆಕ್ಷನ್ ಫ್ರ್ಯಾಕ್ಷನ್, ಅಂದರೆ ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ಹೊರತಳ್ಳುವ ರಕ್ತದ ಪಾಲು, ನೂರಕ್ಕೆ 50ಕ್ಕಿಂತ ಕೆಳಗಿಳಿದರೆ ಮಾತ್ರೆ ನಿಲ್ಲಿಸಬೇಕು. ಇದನ್ನು ಮುಖ್ಯವಾಗಿ ಕರಗಿಸುವುದು ಯಕೃತ್ತಿನ ಸಿವೈಪಿ2ಸಿ19 ಎಂಬ ಕಿಣ್ವ. ಹುಟ್ಟಿನಿಂದಲೇ ಈ ಕಿಣ್ವ ದುರ್ಬಲವಾಗಿರುವವರಲ್ಲಿ ಅದೇ ಮಾತ್ರೆ ರಕ್ತದಲ್ಲಿ ಕೂಡುತ್ತ ಹೋಗುತ್ತದೆ.

ಬೆಂಗಳೂರಿನ ನಂಟು ಬರುವುದು ಇಲ್ಲಿ. ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಹೃದಯಸ್ನಾಯುವಿನ ಕಾಯಿಲೆಗಳ ಸಂಶೋಧನೆ ಕಟ್ಟುವುದರಲ್ಲಿ ಸ್ಪುಡಿಚ್ ಭಾಗಿಯಾದರು. ನಮ್ಮ ಉಪಖಂಡಕ್ಕೆ ತನ್ನದೇ ಒಂದು ಪ್ರಶ್ನೆಯಿದೆ. ಮಯೋಸಿನ್-ಬೈಂಡಿಂಗ್ ಪ್ರೋಟೀನ್-ಸಿ ಎಂಬುದು ಹೃದಯದಲ್ಲಿ ಮಯೋಸಿನ್ ತಲೆಗಳನ್ನು ಹದ್ದುಬಸ್ತಿನಲ್ಲಿಡುವ ಪ್ರೋಟೀನು. ಅದರ ಜೀನಿನಲ್ಲಿ ಡಿಎನ್‌ಎಯ 25 ಅಕ್ಷರಗಳು ಅಳಿದುಹೋಗಿರುವ ರೂಪ ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು 4 ಜನರಲ್ಲಿದೆ ಎಂದು 2009ರಲ್ಲಿ ಪೆರುಂದುರೈ ಧಂಡಪಾಣಿ ಮತ್ತು ಸಂಗಡಿಗರು ಪ್ರಕಟಿಸಿದರು. ಇದ್ದವರಲ್ಲಿ ಬಹಳಷ್ಟು ಜನ ಆರೋಗ್ಯವಾಗಿಯೇ ಇರುತ್ತಾರೆ. ಅದೇ ಜೀನಿನಲ್ಲಿ ಡಿ389ವಿ ಎಂಬ ಇನ್ನೊಂದು ಬದಲಾವಣೆಯೂ ಜೊತೆಗಿರುವ ಚಿಕ್ಕ ಗುಂಪಿನಲ್ಲಿ ಹೃದಯ ಅತಿಯಾಗಿ ಕುಗ್ಗುವ ಲಕ್ಷಣ ಕಂಡಿದೆ ಎಂದು 2018ರ ಅಧ್ಯಯನವೊಂದು ಹೇಳಿತು. ಹಾಗಾಗಿ ಜೀನ್ ಪರೀಕ್ಷೆಯ ವರದಿಯಲ್ಲಿ ಈ 25 ಅಕ್ಷರಗಳ ಅಳಿವು ಕಂಡ ಮಾತ್ರಕ್ಕೆ ಕಾಯಿಲೆ ಇದೆ ಎಂದು ಹೆದರಬೇಕಿಲ್ಲ. ತೀರ್ಮಾನ ಆಗಬೇಕಾದದ್ದು ಎಕೋದಲ್ಲಿ: ವಯಸ್ಕರಲ್ಲಿ ಎಡ ಹೃತ್ಕುಕ್ಷಿಯ ಗೋಡೆ ಬಿಪಿಯಂಥ ಬೇರೆ ಕಾರಣವಿಲ್ಲದೆ 15 ಮಿಲಿಮೀಟರ್ ಅಥವಾ ಹೆಚ್ಚು ದಪ್ಪವಿದ್ದರೆ ಕಾಯಿಲೆ ಎನ್ನುತ್ತಾರೆ. ಮನೆಯಲ್ಲಿ ಒಬ್ಬರಿಗೆ ಹೀಗೆ ಪತ್ತೆಯಾದರೆ ಅಪ್ಪ-ಅಮ್ಮ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ಇಸಿಜಿ ಮತ್ತು ಎಕೋ ಮಾಡಿಸಿಕೊಳ್ಳಬೇಕು.